ವಾಹನದಲ್ಲಿ ನಾದ ಕೆಡುವುದೇಕೆ?

ಕುಂದಾಪುರದಿಂದ ಉತ್ತರಕ್ಕೆ ಹೊರಟ ಹೆದ್ದಾರಿಯು ಹೆಮ್ಮಾಡಿಯನ್ನು ಹಾದು ತ್ರಾಸಿಯನ್ನು ಸೇರಿದೊಡನೆ ಪ್ರಯಾಣಿಕನ ಕಣ್ಣೆದುರು ಅಪೂರ್ವವಾದ ನೋಟವೊಂದು ತೆರೆದುಕೊಳ್ಳುತ್ತದೆ. ಪಶ್ಚಿಮಕ್ಕೆ ಮೊರೆಯುವ ಅರಬ್ಬೀ ಸಮುದ್ರ. ಪೂರ್ವಕ್ಕೆ ಘಟ್ಟದಿಂದ ಇಳಿದು ಬಂದ ಸೌಪರ್ಣಿಕಾ ನದಿ. ಇವೆರಡರ ನಡುವೆ ಮರವಂತೆಯ ಕಡೆಗೆ ಸಾಗುವ ರಸ್ತೆ. ಈ ದಾರಿಯಲ್ಲಿ ಹೋಗುತ್ತಿರುವ ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. ಒಳಗೆ ಕುಳಿತ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಸಂಗೀತ ಪ್ಲೇಯರನ್ನು ತಂತಿಯ ಮೂಲಕ ಕಾರಿನ ಸ್ಟೀರಿಯೊಗೆ ಜೋಡಿಸಿ, ಯಕ್ಷಗಾನದ ಪದಗಳನ್ನು ಹಚ್ಚಿದ್ದಾನೆ. ಪ್ಲೇಯರಿನ ಬ್ಯಾಟರಿ ಬರಿದಾಗಬಾರದೆಂದು ಕಾರಿನ ಚಾರ್ಜರಿಗೂ ಅದನ್ನು ಸಿಕ್ಕಿಸಿದ್ದಾನೆ.

ಭಾಗವತರ ಹಾಡು ಕೇಳಿಸುತ್ತಿದೆ. ಆದರೆ ಅದರ ಹಿಂದೆ ಸೊಳ್ಳೆಯ ಗುಂಯ್‌ಗಾಟದಂತಹ ಕೀರಲು ದನಿಯೊಂದು ಬೆರೆತಿದೆ. ಕಾರಿನ ವೇಗ ಹೆಚ್ಚಿದಂತೆ ಆ ದನಿಯೂ ಮೇಲಕ್ಕೇರುತ್ತದೆ. ಇದು ಚಾರ್ಜರಿನ ದೋಷವೆಂದು ಬಗೆದ ವಿದ್ಯಾರ್ಥಿಯು ಚಾರ್ಜರನ್ನು ಕಳಚುತ್ತಾನೆ. ಕೀರಲು ದನಿ ನಿಂತಿತು. ಆದರೆ ಅದರೊಡನೆಯೇ ಭಾಗವತರ ಕಂಠವೂ ಮಾಯವಾಯಿತು! ಚೆಂಡೆಯ ನುಡಿತ ಮಾತ್ರ ಯಾವುದೋ ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿದೆ. ಚಾರ್ಜರನ್ನು ಮತ್ತೆ ಸಿಕ್ಕಿಸಿದರೆ ಕಂಠ ಮರಳುತ್ತದೆ. ಕೀರಲು ದನಿಯೂ ಮರಳುತ್ತದೆ. ಜೊತೆಯಲ್ಲಿದ್ದವರಲ್ಲಿ ಒಬ್ಬರು ಧ್ವನಿಮುದ್ರಣವೇ ಕೆಟ್ಟಿದೆ ಎನ್ನುತ್ತಾರೆ. ಇನ್ನೊಬ್ಬರು ಸ್ಟೀರಿಯೊ ಹಳತಾಯಿತು, ಹೊಸದನ್ನು ಕೊಳ್ಳಬೇಕು ಎನ್ನುತ್ತಾರೆ.

ಇಬ್ಬರ ಮಾತೂ ಸರಿಯಲ್ಲ. ಸಾವಿರಾರು ರೂಪಾಯಿಗಳನ್ನು ಖರ್ಚು ಮಾಡಿ ಹೊಸ ಯಂತ್ರವನ್ನು ತಂದರೂ ಈ ದೋಷ ಹಾಗೆಯೇ ಉಳಿಯಬಹುದು. ಏಕೆಂದರೆ ನಾದವಿಕೃತಿ ಎಂಬುದು ಒಂದೇ ರೋಗವಲ್ಲ. ಅದು ಹಲವು ರೋಗಗಳ ಲಕ್ಷಣ. ಪ್ರತಿಯೊಂದು ವಿಕೃತಿಯೂ ತಾನು ಹುಟ್ಟಿದ ಎಡೆಯ ಗುರುತನ್ನು ತನ್ನೊಡನೆಯೇ ಹೊತ್ತು ತರುತ್ತದೆ. ಆ ಗುರುತನ್ನು ಕಿವಿಯಿಂದಲೇ ಹಿಡಿಯುವುದು ಹೇಗೆಂಬುದನ್ನು ಇಲ್ಲಿ ವಿವೇಚಿಸೋಣ. ಅದಕ್ಕೆ ಬೇಕಾದುದು ಪ್ರೌಢಶಾಲೆಯಲ್ಲಿ ಕಲಿಸುವ ಓಮನ ನಿಯಮ ಮತ್ತು ಸ್ವಲ್ಪ ತಾಳ್ಮೆ, ಇಷ್ಟೇ.

ನಾದದ ಹಾದಿ

ಪ್ಲೇಯರಿನೊಳಗೆ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಆ ಅಂಕಿಗಳನ್ನು ಯಂತ್ರವು ಏರಿಳಿಯುವ ವಿದ್ಯುತ್ ವಿಭವವನ್ನಾಗಿ ಮಾರ್ಪಡಿಸುತ್ತದೆ. ಕಿವಿಗೆ ಸಿಕ್ಕಿಸುವ ಹೆಡ್‌ಫೋನಿಗಾಗಿ ಇಟ್ಟಿರುವ ರಂಧ್ರದಲ್ಲಿ ಈ ವಿಭವವು ಹೆಚ್ಚೆಂದರೆ ಸುಮಾರು ಅರ್ಧದಿಂದ ಒಂದು ವೋಲ್ಟಿನಷ್ಟಿರುತ್ತದೆ. ತಂತಿಯು ಅದನ್ನು ಸ್ಟೀರಿಯೊದ ಒಳದಾರಿಗೆ ಒಯ್ಯುತ್ತದೆ. ಅಲ್ಲಿರುವ ವರ್ಧಕವು ವಿಭವವನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಸ್ಪೀಕರಿನ ಸುರುಳಿಯು ಅಯಸ್ಕಾಂತದ ಸೆಳೆತದಿಂದ ಹಿಂದಕ್ಕೂ ಮುಂದಕ್ಕೂ ಕಂಪಿಸಿ, ತನಗಂಟಿದ ಕಾಗದದ ಶಂಕುವನ್ನು ನೂಕುತ್ತದೆ, ಗಾಳಿ ಅಲೆಯೇಳುತ್ತದೆ, ನಾವು ಹಾಡನ್ನು ಕೇಳುತ್ತೇವೆ.

ಪ್ಲೇಯರು, ತಂತಿ, ವರ್ಧಕ, ಸ್ಪೀಕರು ಎಂಬ ಈ ನಾಲ್ಕು ಕೊಂಡಿಗಳಿಗೆ ಐದನೆಯದೊಂದನ್ನು ಸೇರಿಸಬೇಕು: ಇವಕ್ಕೆ ಶಕ್ತಿಯನ್ನೊದಗಿಸುವ ಕಾರಿನ ವಿದ್ಯುದ್ವ್ಯವಸ್ಥೆ. ಕೊಂಡಿಗಳು ಹೊಸವಲ್ಲ. ಫಿಲಿಪ್ಸ್ ಸಂಸ್ಥೆಯು ಪುಟ್ಟ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಸೋನಿಯ ವಾಕ್‌ಮನ್ ಬಂದದ್ದು 1979ರಲ್ಲಿ. ಆಪಲ್ ಸಂಸ್ಥೆಯ ಐಪಾಡ್ ಬಂದದ್ದು 2001ರಲ್ಲಿ. ಇಂದು ಮೊಬೈಲ್ ಫೋನೇ ಪ್ಲೇಯರಾಗಿದೆ. ಆದರೆ ಇವುಗಳನ್ನು ಜೋಡಿಸುವ 3.5 ಮಿಲಿಮೀಟರಿನ ಮೊಳೆಯಂತಹ ಪ್ಲಗ್ಗು ಹತ್ತೊಂಬತ್ತನೆಯ ಶತಮಾನದ ದೂರವಾಣಿ ಕೇಂದ್ರಗಳಲ್ಲಿ ಬಳಕೆಗೆ ಬಂದ ದೊಡ್ಡ ಪ್ಲಗ್ಗಿನ ಕಿರಿಯ ಸಂತಾನ.

ಮೊದಲನೆಯ ಗುರುತು: ಒಡಕು

ಧ್ವನಿ ಗಟ್ಟಿಯಾದಾಗ ಮಾತ್ರ ಹಾಡು ಒಡೆದು, ಗರಗರ ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಚೆಂಡೆಯ ಪೆಟ್ಟು ಬಿದ್ದ ಕ್ಷಣದಲ್ಲಿ ಇದು ವಿಶೇಷವಾಗಿ ಕಾಣಿಸುತ್ತದೆ. ಇದರ ಕಾರಣ ಸರಳ. ಯಾವ ವರ್ಧಕವೂ ತನಗೆ ದೊರೆತ ವಿಭವಕ್ಕಿಂತ ಎತ್ತರದ ಅಲೆಯನ್ನು ಹೊರಗೆ ಕೊಡಲಾರದು. ತಗ್ಗಾದ ಬಾಗಿಲಲ್ಲಿ ಎತ್ತರದ ಮನುಷ್ಯನು ನುಗ್ಗಿದರೆ ತಲೆ ತಾಗುವಂತೆ, ಅಲೆಯ ನೆತ್ತಿಯು ಮಿತಿಗೆ ತಾಗಿ ಚಪ್ಪಟೆಯಾಗುತ್ತದೆ. ದುಂಡನೆಯ ಅಲೆ ಹೀಗೆ ಮೇಲೂ ಕೆಳಗೂ ಸಮನಾಗಿ ಮೊಟಕಾದಾಗ, ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. 1000 ಹರ್ಟ್ಸಿನ, ಅಂದರೆ ಸೆಕೆಂಡಿಗೆ ಸಾವಿರ ಕಂಪನಗಳ, ಶುದ್ಧ ಸ್ವರವೊಂದು ಹೀಗೆ ಮೊಟಕಾದರೆ, ಅದರ ಜೊತೆಗೆ 3000, 5000, 7000 ಹರ್ಟ್ಸಿನ ಸ್ವರಗಳೂ ಕೇಳತೊಡಗುತ್ತವೆ. ಈ ಕರೆಯದೆ ಬಂದ ಅತಿಥಿಗಳೇ ಒಡಕಿಗೆ ಕಾರಣ.

ಇಲ್ಲೊಂದು ಸ್ವಾರಸ್ಯವಾದ ಲೆಕ್ಕವಿದೆ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುದ್ವಿಭವ ಸುಮಾರು 14 ವೋಲ್ಟ್. ಸಾಮಾನ್ಯ ಸ್ಟೀರಿಯೊದ ವರ್ಧಕವು ಇದನ್ನೇ ನೇರವಾಗಿ ಬಳಸುವುದರಿಂದ, ಸ್ಪೀಕರಿಗೆ ಕೊಡುವ ಅಲೆಯ ನೆತ್ತಿ 14 ವೋಲ್ಟನ್ನು ಮೀರಲಾರದು. ಸ್ಪೀಕರಿನ ರೋಧ 4 ಓಮ್ ಎಂದಿಟ್ಟುಕೊಳ್ಳೋಣ. ದುಂಡಾದ ಅಲೆಗೆ ದೊರೆಯಬಹುದಾದ ಗರಿಷ್ಠ ಶಕ್ತಿ 14×14÷(2×4), ಅಂದರೆ 24.5 ವಾಟ್. ಹಾಗಾದರೆ ಕೆಲವು ಪೆಟ್ಟಿಗೆಗಳ ಮೇಲೆ ‘50 ವಾಟ್’ ಎಂದು ಬರೆದಿರುವುದು ಹೇಗೆ? ಅಲೆಯು ಪೂರ್ಣವಾಗಿ ಮೊಟಕಾಗಿ ಚೌಕವಾದರೆ ಅದರ ಶಕ್ತಿ 14×14÷4, ಅಂದರೆ 49 ವಾಟ್. ಹೆಚ್ಚೂ ಕಡಿಮೆ ಪೆಟ್ಟಿಗೆಯ ಮೇಲಿನ ಅಂಕಿಯೇ ಇದು! ಆ ಅಂಕಿಯು ಹಾಡು ಸಂಪೂರ್ಣವಾಗಿ ಕೆಟ್ಟಾಗ ದೊರೆಯುವ ಶಕ್ತಿಯೇ ಹೊರತು, ಶುದ್ಧ ಸಂಗೀತದ ಶಕ್ತಿಯಲ್ಲ. ಹೀಗೆ ಮೊಟಕಾದ ಅಲೆಯನ್ನು ಬಹಳ ಹೊತ್ತು ಉಣಿಸಿದರೆ ಸ್ಪೀಕರಿನ ಸುರುಳಿ ಕಾಯ್ದು ಸುಟ್ಟುಹೋಗಲೂಬಹುದು.

ಅಲೆ ಮೊಟಕಾಗುವುದು ಎರಡು ಕಡೆಗಳಲ್ಲಿ. ಮೇಲೆ ಹೇಳಿದ್ದು ವರ್ಧಕದ ಹೊರಬಾಗಿಲಿನ ಮಾತು. ಒಳಬಾಗಿಲಲ್ಲಿಯೂ ಇದು ನಡೆಯುತ್ತದೆ. ಪ್ಲೇಯರಿನ ಧ್ವನಿಯನ್ನು ತುತ್ತತುದಿಗೆ ಏರಿಸಿದಾಗ ಸ್ಟೀರಿಯೊದ ಒಳದಾರಿಯೇ ತುಂಬಿ ತುಳುಕುತ್ತದೆ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಹೀಗಿದೆ. ಕಾರಿನ ಧ್ವನಿಯನ್ನು ತೀರ ತಗ್ಗಿಸಿದರೂ ಒಡಕು ಉಳಿದು, ಪ್ಲೇಯರಿನ ಧ್ವನಿಯನ್ನು ತಗ್ಗಿಸಿದಾಗ ಅದು ಹೋದರೆ, ದೋಷವಿರುವುದು ಒಳಬಾಗಿಲಲ್ಲಿ. ಕಾರಿನ ಧ್ವನಿಯನ್ನು ಏರಿಸಿದಾಗ ಮಾತ್ರ ಒಡಕು ಬಂದರೆ ದೋಷವಿರುವುದು ಹೊರಬಾಗಿಲಲ್ಲಿ ಅಥವಾ ಸ್ಪೀಕರಿನಲ್ಲಿ. ಹಾಗೆಂದು ಪ್ಲೇಯರಿನ ಧ್ವನಿಯನ್ನು ತೀರ ತಗ್ಗಿಸಿದರೆ, ಕೊರತೆಯನ್ನು ತುಂಬಲು ಕಾರಿನ ಧ್ವನಿಯನ್ನು ಏರಿಸಬೇಕಾಗುತ್ತದೆ; ಆಗ ವರ್ಧಕದ ಸ್ವಂತ ಸುಯ್ಲೂ ಸಂಗೀತದೊಡನೆ ಹಿಗ್ಗುತ್ತದೆ. ಪ್ಲೇಯರನ್ನು ಮುಕ್ಕಾಲು ಮಟ್ಟದಲ್ಲಿಟ್ಟು, ಉಳಿದುದನ್ನು ಕಾರಿನ ಗುಂಡಿಯಿಂದ ಹೊಂದಿಸಿಕೊಳ್ಳುವುದು ಒಳ್ಳೆಯ ಮಧ್ಯಮಮಾರ್ಗ. ಪ್ಲೇಯರಿನಲ್ಲಿ ಮಂದ್ರಸ್ವರಗಳನ್ನು ಹೆಚ್ಚಿಸುವ ಸೌಕರ್ಯವಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. 6 ಡೆಸಿಬೆಲ್ ಹೆಚ್ಚಿಸುವುದೆಂದರೆ ಅಲೆಯ ಎತ್ತರವನ್ನು ಇಮ್ಮಡಿಗೊಳಿಸಿದಂತೆ.

ಎರಡನೆಯ ಗುರುತು: ಎಂಜಿನ್ನಿನೊಡನೆ ಏರುವ ಕೀರಲು

ನಮ್ಮ ಕಥೆಯ ಸೊಳ್ಳೆಯ ದನಿ ಎಲ್ಲಿಂದ ಬಂತು? ಕಾರಿನ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಆಲ್ಟರ್ನೇಟರು ಎಂಜಿನ್ನಿನ ಪಟ್ಟಿಯಿಂದ ತಿರುಗುತ್ತದೆ. ಅದು ಹುಟ್ಟಿಸುವುದು ಮೂರು ಹಂತಗಳ ಪರ್ಯಾಯ ವಿದ್ಯುತ್ತನ್ನು; ಡಯೋಡುಗಳು ಅದನ್ನು ನೇರ ವಿದ್ಯುತ್ತಾಗಿ ತಿದ್ದುತ್ತವೆ. ತಿದ್ದಿದ ಮೇಲೂ ಪ್ರತಿ ಆವರ್ತಕ್ಕೆ ಆರರಂತೆ ಸಣ್ಣ ಅಲೆಗಳು ಉಳಿಯುತ್ತವೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ, ಆಲ್ಟರ್ನೇಟರು ಅದರ ಎರಡೂವರೆಪಟ್ಟು ವೇಗದಲ್ಲಿದೆ, ಅದರೊಳಗೆ ಆರು ಜೊತೆ ಅಯಸ್ಕಾಂತ ಧ್ರುವಗಳಿವೆ ಎನ್ನೋಣ. ಆಲ್ಟರ್ನೇಟರು ನಿಮಿಷಕ್ಕೆ 2000 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 33 ಸುತ್ತು ತಿರುಗುತ್ತದೆ. ಆರು ಜೊತೆ ಧ್ರುವಗಳಿಂದ ಸೆಕೆಂಡಿಗೆ 200 ಆವರ್ತಗಳು. ಆವರ್ತಕ್ಕೆ ಆರರಂತೆ 1200 ಅಲೆಗಳು. ಎಂಜಿನ್ 2400 ಸುತ್ತಿಗೇರಿದರೆ ಇದು 3600 ಆಗುತ್ತದೆ. ಎರಡೂ ನಮ್ಮ ಕಿವಿಗೆ ಬಹು ಚೆನ್ನಾಗಿ ಕೇಳುವ ಸ್ವರಗಳೇ. ವೇಗದೊಡನೆ ದನಿ ಏರಿದರೆ ಅದು ಆಲ್ಟರ್ನೇಟರಿನ ಸಹಿಯೆಂದೇ ತಿಳಿಯಬೇಕು.

ಈ ಅಲೆ ಸಂಗೀತದೊಳಕ್ಕೆ ನುಸುಳುವ ದಾರಿ ಯಾವುದು? ಕಾರಿನಲ್ಲಿ ಎಲ್ಲ ಉಪಕರಣಗಳ ಋಣತಂತಿಯೂ ಕಾರಿನ ಲೋಹದ ಮೈಗೇ ಸೇರುತ್ತದೆ. ಪ್ಲೇಯರಿನ ಸಂಗೀತತಂತಿಯಲ್ಲಿ ಒಂದು ಸಾಮಾನ್ಯ ಎಳೆಯಿದೆ. ಅದು ಸ್ಟೀರಿಯೊದ ಮೂಲಕ ಕಾರಿನ ಮೈಗೆ ಸೇರಿದೆ. ಚಾರ್ಜರನ್ನು ಸಿಕ್ಕಿಸಿದಾಗ ಅದರ ಋಣತಂತಿಯ ಮೂಲಕವೂ ಪ್ಲೇಯರು ಕಾರಿನ ಮೈಗೆ ಸೇರುತ್ತದೆ. ಹೀಗೆ ಎರಡು ದಾರಿಗಳು ಕೂಡಿ ಒಂದು ಉಂಗುರವಾಯಿತು. ಚಾರ್ಜರಿನ ಪ್ರವಾಹದ ಒಂದು ಪಾಲು ಸಂಗೀತತಂತಿಯ ಸಾಮಾನ್ಯ ಎಳೆಯಲ್ಲಿಯೂ ಹರಿಯತೊಡಗುತ್ತದೆ. 1 ಆಂಪೇರ್ ಪ್ರವಾಹವು ಓಮಿನ ನೂರರಲ್ಲೊಂದು ಭಾಗದ ರೋಧದಲ್ಲಿ ಹರಿದರೆ, ಓಮನ ನಿಯಮದಂತೆ 10 ಮಿಲಿವೋಲ್ಟ್ ವಿಭವ ತೋರುತ್ತದೆ. ಪ್ರವಾಹ ಸ್ಥಿರವಾಗಿದ್ದರೆ ಅದು ಕಿವಿಗೆ ಕೇಳದು. ಆದರೆ ಅದರ ಹತ್ತರಲ್ಲೊಂದು ಭಾಗ ಏರಿಳಿದರೂ 1 ಮಿಲಿವೋಲ್ಟಿನ ಗದ್ದಲ ಸಂಗೀತಕ್ಕೆ ಸೇರುತ್ತದೆ. ಹಾಡು ಮೆಲ್ಲನೆಯಾದ ಎಡೆಯಲ್ಲಿ ಇಷ್ಟು ಸಾಕು.

ಪರೀಕ್ಷೆ ಸುಲಭ: ಚಾರ್ಜರನ್ನು ಕಳಚಿ ಕೇಳಬೇಕು. ಗದ್ದಲ ನಿಂತು ಹಾಡು ಸ್ವಚ್ಛವಾಗಿ ಉಳಿದರೆ ಉಂಗುರವೇ ಕಾರಣ. ಆಗ ಮೊದಲೇ ಬ್ಯಾಟರಿ ತುಂಬಿಸಿಕೊಂಡು ಹೊರಡಬಹುದು. ಅಥವಾ ಸಂಗೀತತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಬೇರ್ಪಡಿಸುವ ಸಾಧನವನ್ನಿಡಬಹುದು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವಿಲ್ಲ, ಕಾಂತಕ್ಷೇತ್ರದ ಸಂಬಂಧವಷ್ಟೆ. ಹಾಡು ದಾಟುತ್ತದೆ, ಉಂಗುರ ತುಂಡಾಗುತ್ತದೆ.

ಮೂರನೆಯ ಗುರುತು: ಮಾಯವಾದ ಕಂಠ

ಆದರೆ ನಮ್ಮ ವಿದ್ಯಾರ್ಥಿಯು ಚಾರ್ಜರನ್ನು ಕಳಚಿದಾಗ ಹಾಡು ಸ್ವಚ್ಛವಾಗಲಿಲ್ಲ, ಭಾಗವತರೇ ಮಾಯವಾದರು. ಇದನ್ನು ಬಿಡಿಸಲು ಪ್ಲಗ್ಗನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಅದರ ತುದಿಯು ಎಡಗಡೆಯ ಸ್ಪೀಕರಿನ ನಾದವನ್ನೂ, ನಡುವಿನ ಬಳೆಯು ಬಲಗಡೆಯ ನಾದವನ್ನೂ ಒಯ್ಯುತ್ತವೆ. ಬುಡದ ಭಾಗವು ಎರಡಕ್ಕೂ ಸಾಮಾನ್ಯವಾದ ಹಿಂದಿರುಗುವ ದಾರಿ.

ಈ ಹಿಂದಿರುಗುವ ದಾರಿ ಮುರಿದರೆ ಏನಾಗುತ್ತದೆ? ಎಡಗಡೆಯಿಂದ ಹೊರಟ ಪ್ರವಾಹಕ್ಕೆ ಬಲಗಡೆಯ ತಂತಿಯಿಂದಲೇ ಮರಳಬೇಕಾಗುತ್ತದೆ. ಆಗ ಸ್ಟೀರಿಯೊಗೆ ತಲಪುವುದು ಎಡದ ಮತ್ತು ಬಲದ ನಾದಗಳ ವ್ಯತ್ಯಾಸ ಮಾತ್ರ. ಹಾಡುಗಾರರ ಕಂಠವನ್ನು ಸಾಮಾನ್ಯವಾಗಿ ಎರಡೂ ಕಡೆಗೆ ಸಮನಾಗಿ ಮುದ್ರಿಸುತ್ತಾರೆ. ಆದ್ದರಿಂದಲೇ ಅದು ನಟ್ಟನಡುವಿನಿಂದ ಬಂದಂತೆ ಕೇಳುತ್ತದೆ. ವಾದ್ಯಗಳು ಒಂದು ಪಕ್ಕಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಇರಬಹುದು. ಒಂದು ಕ್ಷಣದಲ್ಲಿ ಕಂಠದ ಪಾಲು ಎರಡೂ ಕಡೆ 5, ಚೆಂಡೆಯ ಪಾಲು ಎಡಕ್ಕೆ 3, ಬಲಕ್ಕೆ 1 ಇದೆ ಎನ್ನೋಣ. ಎಡದ ಮೊತ್ತ 8, ಬಲದ ಮೊತ್ತ 6, ವ್ಯತ್ಯಾಸ 2. ಈ ಎರಡೂ ಚೆಂಡೆಯದೇ! ಕಂಠವು ಐದರಲ್ಲಿ ಐದು ಕಳೆದು ಸೊನ್ನೆಯಾಯಿತು. ಕಳೆಯುವ ಲೆಕ್ಕವನ್ನು ತುಂಡಾದ ತಂತಿಯು ತಾನಾಗಿ ಮಾಡಿತು.

ಈಗ ಒಗಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಸಂಗೀತತಂತಿಯ ಸಾಮಾನ್ಯ ಎಳೆ ಮೊದಲೇ ಮುರಿದಿತ್ತು. ಚಾರ್ಜರು ಸಿಕ್ಕಿಕೊಂಡಿದ್ದಾಗ ಅದರ ಋಣತಂತಿಯೇ ಆ ಎಳೆಯ ಕೆಲಸವನ್ನು ಮಾಡುತ್ತಿತ್ತು. ಪ್ರವಾಹವು ಕಾರಿನ ಮೈಯನ್ನು ಬಳಸಿ ಚಾರ್ಜರಿನ ಮೂಲಕ ಪ್ಲೇಯರಿಗೆ ಮರಳುತ್ತಿತ್ತು. ಆದುದರಿಂದ ಕಂಠ ಕೇಳುತ್ತಿತ್ತು. ಆದರೆ ಆ ದಾರಿಯಲ್ಲಿ ಕಾರಿನ ಗದ್ದಲವೂ ನಡೆದಾಡುತ್ತದಷ್ಟೆ. ಆದುದರಿಂದ ಕೀರಲೂ ಕೇಳುತ್ತಿತ್ತು. ಚಾರ್ಜರನ್ನು ಕಳಚಿದಾಗ ಎರಡೂ ಒಟ್ಟಿಗೆ ಹೋದವು. ಎರಡು ರೋಗಗಳಂತೆ ಕಂಡದ್ದು ಒಂದೇ ರೋಗ. ಅದರ ಮದ್ದು ಹೊಸ ಸ್ಟೀರಿಯೊ ಅಲ್ಲ, ಹೊಸದೊಂದು ತಂತಿ.

ಒಂದೇ ಮೈಕಿನಿಂದ ಮುದ್ರಿಸಿದ ಹಳೆಯ ಪದಗಳಲ್ಲಿ ಎಡಬಲಗಳೆರಡೂ ಒಂದೇ ಆಗಿರುತ್ತವೆ. ಅಂತಹ ಹಾಡನ್ನು ಈ ಮುರಿದ ತಂತಿಯಲ್ಲಿ ಹಚ್ಚಿದರೆ ಹೆಚ್ಚೂ ಕಡಿಮೆ ಏನೂ ಕೇಳದು. ಹೊಸ ಹಾಡಿನಲ್ಲಿ ಕಂಠವಿಲ್ಲ, ಹಳೆಯ ಹಾಡಿನಲ್ಲಿ ನಾದವೇ ಇಲ್ಲ ಎಂದಾದರೆ ಸಾಮಾನ್ಯ ಎಳೆಯನ್ನು ಶಂಕಿಸಬೇಕು.

ಎಳೆ ಒಳಗೆ ತುಂಡಾಗಿರಲೇಬೇಕೆಂದಿಲ್ಲ. ಪ್ಲಗ್ಗು ಪೂರ್ತಿ ಒಳಗಿಳಿಯದಿದ್ದರೂ ಇದೇ ಲಕ್ಷಣ ತೋರಬಹುದು. ಕಿಸೆಯ ನೂಲು ಮತ್ತು ದೂಳು ಫೋನಿನ ರಂಧ್ರದ ತಳದಲ್ಲಿ ಅಡಕವಾಗಿ ಪ್ಲಗ್ಗನ್ನು ತಡೆಯುವುದುಂಟು. ಮೈಕಿಗಾಗಿ ನಾಲ್ಕನೆಯ ಭಾಗವಿರುವ ಪ್ಲಗ್ಗನ್ನು ಮೂರು ಭಾಗದ ರಂಧ್ರಕ್ಕೆ ತುರುಕಿದಾಗಲೂ ಸಾಮಾನ್ಯ ಸಂಪರ್ಕ ಕೆಲವೊಮ್ಮೆ ತಪ್ಪುತ್ತದೆ.

ಕಡಲ ಗಾಳಿಯ ಕೈವಾಡ

ತ್ರಾಸಿಯಂತಹ ಊರಿನಲ್ಲಿ ಇನ್ನೊಂದು ಶತ್ರುವಿದೆ. ತೆರೆಗಳು ಒಡೆದಾಗ ಮೇಲೇಳುವ ಹನಿಗಳು ಗಾಳಿಯಲ್ಲಿ ಆರಿ, ಕಣ್ಣಿಗೆ ಕಾಣದ ಉಪ್ಪಿನ ಕಣಗಳನ್ನು ಉಳಿಸುತ್ತವೆ. ಅವು ಲೋಹದ ಮೇಲೆ ಕೂರುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತವನ್ನು ಮೀರಿದರೆ ಅಡಿಗೆ ಉಪ್ಪು ಗಾಳಿಯಿಂದ ನೀರನ್ನು ಹೀರಿ ತಾನೇ ಕರಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಅಡಿಗೆಮನೆಯ ಉಪ್ಪು ನೀರೊಡೆಯುವುದನ್ನು ಯಾರು ಕಂಡಿಲ್ಲ? ಹಾಗೆ ಕರಗಿದ ಉಪ್ಪು ವಿದ್ಯುತ್ತನ್ನು ಹರಿಯಗೊಡುವ ತೆಳುವಾದ ನೀರ್ಪೊರೆಯಾಗಿ, ಲೋಹ ತುಕ್ಕು ಹಿಡಿಯುವುದನ್ನು ತ್ವರೆಗೊಳಿಸುತ್ತದೆ. ಪ್ಲಗ್ಗಿನ ಮೇಲ್ಲೇಪ ಸವೆದ ಎಡೆಯಲ್ಲಿ ಒಳಗಿನ ಲೋಹ ಮಾಸುತ್ತದೆ. ಮಾಸಿದ ಪದರವು ವಿದ್ಯುತ್ತನ್ನು ತಡೆಯುತ್ತದೆ. ಕಾರು ಕುಲುಕಿದಾಗಲೆಲ್ಲ ಸಂಪರ್ಕ ಕೂಡಿ ಅಗಲಿ ಪಟಪಟ ಎನ್ನುತ್ತದೆ.

ಇದರ ಗುರುತು ಸ್ಪಷ್ಟ: ಪ್ಲಗ್ಗನ್ನು ಬೆರಳಿನಿಂದ ತಿರುಗಿಸಿದರೆ ದನಿ ಬದಲಾಗುತ್ತದೆ. ಪ್ಲಗ್ಗನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಪೂರ್ಣವಾಗಿ ಆರಿದ ಮೇಲೆ ಕೆಲವು ಬಾರಿ ಸಿಕ್ಕಿಸಿ ತಿರುಗಿಸಿದರೆ ಉಜ್ಜಿಕೆಯಿಂದ ಹೊಸ ಲೋಹ ಹೊರಬಂದು ಸಂಪರ್ಕ ಸುಧಾರಿಸುತ್ತದೆ. ಚಿನ್ನದ ಲೇಪವಿರುವ ಪ್ಲಗ್ಗು ಸುಲಭವಾಗಿ ಮಾಸದು. ಕಡಲ ಬದಿಯಲ್ಲಿ ಅದಕ್ಕೆ ಕೊಡುವ ಹೆಚ್ಚಿನ ಬೆಲೆ ವ್ಯರ್ಥವಲ್ಲ. ಕಾಗದದ ಶಂಕುವಿರುವ ಸ್ಪೀಕರುಗಳೂ ವರ್ಷಾನುಗಟ್ಟಲೆಯ ತೇವದಿಂದ ಮೆತ್ತಗಾಗಿ ಅಂಚಿನಲ್ಲಿ ಹರಿಯುವುದುಂಟು. ಆಗ ಒಂದೇ ಮೂಲೆಯಿಂದ, ಕೆಲವು ಮಂದ್ರಸ್ವರಗಳಿಗೆ ಮಾತ್ರ ಬರ್‌ ಎಂಬ ದನಿ ಬರುತ್ತದೆ.

ತಂತಿಯಿಲ್ಲದ ಜೋಡಣೆ

ಸಂಗೀತತಂತಿಯನ್ನು ಸಿಕ್ಕಿಸುವ ರಂಧ್ರವಿಲ್ಲದ ಕಾರುಗಳಲ್ಲಿ ಕೆಲವರು ಪುಟ್ಟ ಎಫ್‌.ಎಂ. ಪ್ರೇಷಕವನ್ನು ಬಳಸುತ್ತಾರೆ. ಅದು ಹಾಡನ್ನು 88ರಿಂದ 108 ಮೆಗಾಹರ್ಟ್ಸಿನೊಳಗಿನ ಯಾವುದಾದರೊಂದು ರೇಡಿಯೊ ಅಲೆಯ ಮೇಲೇರಿಸಿ ಕಾರಿನ ರೇಡಿಯೊಗೆ ಕಳುಹಿಸುತ್ತದೆ. ಆ ಎಡೆಯಲ್ಲಿ ಬೇರೊಂದು ಕೇಂದ್ರವಿದ್ದರೆ ಎರಡೂ ಬೆರೆಯುತ್ತವೆ. ಪ್ರಯಾಣದಲ್ಲಿ ಊರು ಬದಲಾದಂತೆ ಖಾಲಿಯಿದ್ದ ಎಡೆ ತುಂಬುವುದೂ ಉಂಟು. ಎಫ್‌.ಎಂ. ಪ್ರಸಾರದಲ್ಲಿ ಅಲೆಯ ತೂಗಾಟಕ್ಕೆ 75 ಕಿಲೋಹರ್ಟ್ಸಿನ ಮಿತಿಯಿದೆ. ಪ್ಲೇಯರಿನ ಧ್ವನಿ ಅತಿಯಾದರೆ ತೂಗಾಟ ಆ ಮಿತಿಯನ್ನು ಮೀರಿ ಒಡಕು ಬರುತ್ತದೆ. ಬ್ಲೂಟೂತ್ ಜೋಡಣೆಯಲ್ಲಿ ಪ್ಲೇಯರಿನಿಂದ ಸ್ಟೀರಿಯೊಗೆ ತಂತಿಯೇ ಇಲ್ಲದುದರಿಂದ ಉಂಗುರದ ಕಾಟವಿಲ್ಲ, ತುಕ್ಕಿನ ಕಾಟವೂ ಇಲ್ಲ. ಆದರೆ ವರ್ಧಕವೂ ಸ್ಪೀಕರೂ ಅವೇ ಆದುದರಿಂದ ಒಡಕಿನ ನಿಯಮಗಳು ಬದಲಾಗುವುದಿಲ್ಲ.

ಶೋಧದ ಕ್ರಮ

ಇಷ್ಟನ್ನು ತಿಳಿದ ಮೇಲೆ ದೋಷವನ್ನು ಹುಡುಕುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಈ ಪರೀಕ್ಷೆಗಳನ್ನು ಕಾರನ್ನು ಸುರಕ್ಷಿತವಾದ ಬಯಲಿನಲ್ಲಿ ನಿಲ್ಲಿಸಿಯೇ ಮಾಡಬೇಕು. ಹೆದ್ದಾರಿಯಲ್ಲಿ ಓಡಿಸುತ್ತ ತಂತಿಗೆ ಕೈಯಿಕ್ಕುವುದು ಪ್ರಾಣಾಪಾಯಕರ.

1. ಕಾರಿನ ರೇಡಿಯೊ ಹಚ್ಚಿ ಕೇಳಿ. ಅದರಲ್ಲಿಯೂ ವಿಕೃತಿಯಿದ್ದರೆ ದೋಷ ವರ್ಧಕದಲ್ಲಿದೆ ಅಥವಾ ಸ್ಪೀಕರಿನಲ್ಲಿದೆ; ಇಲ್ಲದಿದ್ದರೆ ಅವು ನಿರ್ದೋಷಿಗಳು.

2. ಪ್ಲೇಯರಿಗೆ ಹೆಡ್‌ಫೋನ್ ಸಿಕ್ಕಿಸಿ ಅದೇ ಹಾಡನ್ನು ಕೇಳಿ. ಅಲ್ಲಿಯೂ ಒಡಕಿದ್ದರೆ ದೋಷ ಧ್ವನಿಮುದ್ರಣದ್ದು ಅಥವಾ ಪ್ಲೇಯರಿನದು.

3. ಎರಡೂ ಸರಿಯಿದ್ದರೆ ಪ್ಲೇಯರಿನ ಧ್ವನಿಯನ್ನು ತಗ್ಗಿಸಿ ಕೇಳಿ.

4. ಚಾರ್ಜರನ್ನು ಕಳಚಿ ಕೇಳಿ. ಬಳಿಕ ಎಂಜಿನ್ ನಿಲ್ಲಿಸಿ ಕೇಳಿ.

5. ಪ್ಲಗ್ಗನ್ನು ತಿರುಗಿಸಿ ಕೇಳಿ. ಬೇರೊಂದು ತಂತಿಯನ್ನು ಹಾಕಿ ಕೇಳಿ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ರೋಗ ವಾಸಿಯಾದರೆ, ವಾಸಿಮಾಡಿದ್ದು ಯಾವುದೆಂದು ಎಂದಿಗೂ ತಿಳಿಯದು. ಪ್ರಯೋಗಶಾಲೆಯಲ್ಲಿ ನಡೆಯುವುದೂ ಇದೇ ಕ್ರಮವಲ್ಲವೆ?

ಕೊನೆಯದಾಗಿ ಒಂದು ಮಾತು. ಕಾರಿನಲ್ಲಿ ಕೆಟ್ಟ ನಾದವನ್ನು ಸರಿಪಡಿಸಬಹುದು. ಮುದ್ರಿಸುವಾಗಲೇ ಕೆಟ್ಟುದನ್ನು ಸರಿಪಡಿಸುವುದು ಬಹು ಕಷ್ಟ. ಬಡಗುತಿಟ್ಟಿನ ಹೆಸರಾಂತ ಭಾಗವತರಾದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಕಿರಿಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಕಂಠ ಇಂದು ನಮಗೆ ಉಳಿದಿರುವುದು ಧ್ವನಿಮುದ್ರಣಗಳಲ್ಲಿ ಮಾತ್ರ. ಕರಾವಳಿಯ ಎಷ್ಟೋ ಮನೆಗಳಲ್ಲಿ ಯಕ್ಷಗಾನದ ಇಂತಹ ಹಳೆಯ ಕ್ಯಾಸೆಟ್ಟುಗಳು ಪೆಟ್ಟಿಗೆಯ ತಳದಲ್ಲಿರುತ್ತವೆ. ಅವುಗಳನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನು ಮನೆಯ ಹುಡುಗರೇ ಮಾಡುತ್ತಾರೆ. ಜೋಡಿಸುವುದು ಇದೇ 3.5 ಮಿಲಿಮೀಟರಿನ ತಂತಿಯಿಂದ. ಆಗ ಧ್ವನಿಯನ್ನು ಅತಿಯಾಗಿ ಏರಿಸಿದರೆ ಅಲೆಯ ನೆತ್ತಿ ಮೊಟಕಾಗುತ್ತದೆ, ಮತ್ತು ಆ ನೆತ್ತಿಯಲ್ಲಿ ಏನಿತ್ತೆಂಬುದನ್ನು ನಕಲಿನಿಂದ ಯಾರೂ ಖಚಿತವಾಗಿ ಹೇಳಲಾರರು. ಮೂಲ ಕ್ಯಾಸೆಟ್ಟು ಬೂಸಲು ಹಿಡಿದು ನಾಶವಾದರೆ ಆ ನಕಲೇ ಕೊನೆಯ ಪ್ರತಿ. ಆದುದರಿಂದ ಚೆಂಡೆಯ ಅತಿ ಗಟ್ಟಿಯಾದ ಪೆಟ್ಟು ಬರುವ ಎಡೆಯನ್ನು ಮೊದಲು ಹಚ್ಚಿ, ಅಲ್ಲಿಯೂ ಮಿತಿ ತಾಗದಂತೆ ಧ್ವನಿಯನ್ನು ಹೊಂದಿಸಿ, ಆಮೇಲೆ ನಕಲು ಮಾಡಬೇಕು.